ಹಳೆಯ ಅಗ್ಗಿಷ್ಟಿಕೆಯೊಳಗೆ ಪೆಲೆಟ್ ಒಲೆ ಕೂರಿಸುವುದು: ಅಳತೆಯಿಂದ ಮೊದಲ ಬೆಂಕಿಯವರೆಗೆ

ತೆರೆದ ಅಗ್ಗಿಷ್ಟಿಕೆ ನೋಡಲು ಚೆಂದ, ಬಿಸಿ ಕೊಡುವುದರಲ್ಲಿ ಮಾತ್ರ ಮಹಾ ಸೋಮಾರಿ. ಉರಿದ ಸೌದೆಯ ಶಾಖದಲ್ಲಿ ಹತ್ತರಲ್ಲೊಂದು ಪಾಲು ಕೋಣೆಗೆ ದಕ್ಕಿದರೆ ಪುಣ್ಯ. ಉಳಿದದ್ದು ಚಿಮಣಿ ಹತ್ತಿ ಹೋಗುತ್ತದೆ. ಹೋಗುವಾಗ ಕೋಣೆಯ ಬೆಚ್ಚನೆಯ ಗಾಳಿಯನ್ನೂ ಜತೆಗೆ ಎಳೆದೊಯ್ಯುತ್ತದೆ. ಅದೇ ಬಾಯೊಳಗೆ ಕೂರುವಂತೆ ತಯಾರಿಸಿದ ಪೆಲೆಟ್ ಒಲೆ, ಅಂದರೆ ಪೆಲೆಟ್ ಇನ್ಸರ್ಟ್, ಇಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಶಾಖದ ಮುಕ್ಕಾಲು ಪಾಲೋ ಅದಕ್ಕಿಂತ ಹೆಚ್ಚೋ ಮನೆಯೊಳಗೇ ಉಳಿಯುತ್ತದೆ.

ಆದರೆ ಸೌದೆ ಒಲೆಯ ಅನುಭವವನ್ನೇ ನಂಬಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ಪೆಲೆಟ್ ಇನ್ಸರ್ಟ್ ಹೆಸರಿಗೆ ಒಲೆ. ಒಳಗೆ ಅದೊಂದು ಗಾಳಿಯ ಯಂತ್ರ. ಮೇಲಿನ ತೊಟ್ಟಿಯಲ್ಲಿ, ಅಂದರೆ ಹಾಪರ್‌ನಲ್ಲಿ, ಮರದ ಪುಡಿಯನ್ನು ಒತ್ತಿ ಮಾಡಿದ ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳಿರುತ್ತವೆ. ಆಗರ್ ಎಂಬ ತಿರುಪು ಅವನ್ನು ಸ್ವಲ್ಪ ಸ್ವಲ್ಪವಾಗಿ ತಳ್ಳಿ, ಅಂಗೈಯಗಲದ ಬೆಂಕಿ ಬಟ್ಟಲಿಗೆ ಬೀಳಿಸುತ್ತದೆ. ಒಂದು ಫ್ಯಾನ್ ಆ ಬಟ್ಟಲಿನ ಮೂಲಕ ಗಾಳಿಯನ್ನು ಎಳೆದು, ಸುಟ್ಟ ಅನಿಲವನ್ನು ಕೊಳವೆಗೆ ದಬ್ಬುತ್ತದೆ. ಇನ್ನೊಂದು ಫ್ಯಾನ್ ಕೋಣೆಯ ಗಾಳಿಯನ್ನು ಬಿಸಿ ಲೋಹದ ಸುತ್ತ ಹಾಯಿಸಿ ವಾಪಸು ಊದುತ್ತದೆ. ಈ ಎರಡು ಗಾಳಿಗಳು ಎಲ್ಲಿಯೂ ಒಂದನ್ನೊಂದು ಮುಟ್ಟಬಾರದು.

ಇದರಿಂದ ಎರಡು ಸಂಗತಿ ಹುಟ್ಟುತ್ತವೆ, ಕೆಳಗಿನ ಎಲ್ಲ ಹಂತಗಳೂ ಅವುಗಳ ಸುತ್ತಲೇ ಸುತ್ತುತ್ತವೆ. ಒಂದು, ಸೌದೆ ಚಿಮಣಿ ತಾನಾಗಿ ಹೊಗೆಯನ್ನು ಮೇಲಕ್ಕೆ ಹೀರುತ್ತದೆ. ಕೊಳವೆಯಲ್ಲಿ ಸಂದಿಯಿದ್ದರೆ ಕೋಣೆಯ ಗಾಳಿ ಒಳಗೆ ಹೋಗುತ್ತದೆ, ಅಷ್ಟೆ. ಪೆಲೆಟ್ ಒಲೆಯ ಕೊಳವೆಯಲ್ಲಿ ಫ್ಯಾನಿನ ಒತ್ತಡವಿರುವುದರಿಂದ ಸೂಜಿಮೊನೆಯಷ್ಟು ಸಂದಿಯಿದ್ದರೂ ಹೊಗೆ ಹೊರಗೆ, ಎಂದರೆ ಮನೆಯೊಳಕ್ಕೆ, ಬರುತ್ತದೆ. ಎರಡು, ಯಂತ್ರ ಎಂದ ಮೇಲೆ ರಿಪೇರಿ, ಶುಚಿ ಇದ್ದದ್ದೇ. ಇಂದು ಒಳಗೆ ತಳ್ಳಿದ ಒಲೆಯನ್ನು ವರ್ಷಕ್ಕೊಮ್ಮೆಯಾದರೂ ಹೊರಗೆ ಎಳೆಯಬೇಕು.

ಎರಡನೆಯದನ್ನು ನಾನು ಕಲಿತದ್ದು ಪೆಟ್ಟು ತಿಂದು. ಮೊದಲ ಬಾರಿ ಕೂರಿಸುವಾಗ ಚಿಮಣಿಯ ಕೊಳವೆಯನ್ನು ಬಿಗಿಯಾಗಿ, ಒಂದಿಂಚೂ ಸಡಿಲ ಬಿಡದೆ ಕತ್ತರಿಸಿ, ಒಲೆಯ ಬಾಯಿಗೆ ಕುಲುಮೆ ಸಿಮೆಂಟ್ ಮೆತ್ತಿ ಸೇರಿಸಿದ್ದೆ. ಕಲ್ಲಿನಂತೆ ಗಟ್ಟಿಯಾಗಿತ್ತು, ಹೆಮ್ಮೆಯೂ ಇತ್ತು. ಚಳಿಗಾಲ ಮುಗಿದು ಹೊಗೆ ಫ್ಯಾನ್ ಶುಚಿ ಮಾಡಲು ಒಲೆಯನ್ನು ಎಳೆದರೆ ಅದು ಜಗ್ಗಲಿಲ್ಲ. ಕೊನೆಗೆ ಕೈ ತೂರದ ಜಾಗದಲ್ಲಿ ಗರಗಸದ ಅಲಗು ಹಿಡಿದು ಕೊಳವೆಯನ್ನೇ ಕೊಯ್ಯಬೇಕಾಯಿತು.

ಕೊಳ್ಳುವ ಮೊದಲು

ಮೊದಲ ಪ್ರಶ್ನೆ: ನಿಮ್ಮದು ಇಟ್ಟಿಗೆ ಅಥವಾ ಕಲ್ಲಿನಲ್ಲಿ ಕಟ್ಟಿದ ಅಗ್ಗಿಷ್ಟಿಕೆಯೋ, ಕಾರ್ಖಾನೆಯಲ್ಲಿ ತಗಡಿನಿಂದ ಮಾಡಿ ಮರದ ಚೌಕಟ್ಟಿನೊಳಗೆ ಇಟ್ಟದ್ದೋ? ಮುಂಭಾಗಕ್ಕೆ ಹೆಂಚೋ ಕಲ್ಲೋ ಅಂಟಿಸಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಟಾರ್ಚ್ ಹಿಡಿದು ಒಳಗೆ ತಲೆ ಹಾಕಿ ನೋಡಿ. ಲೋಹದ ಗೋಡೆ, ಮೇಲೆ ದುಂಡನೆಯ ಲೋಹದ ಚಿಮಣಿ, ಅಂಚಿನಲ್ಲೆಲ್ಲೋ ಮಾದರಿ ಸಂಖ್ಯೆಯ ಫಲಕ ಕಂಡರೆ ಅದು ಕಾರ್ಖಾನೆಯದು. ಅದಕ್ಕೆ ಇನ್ಸರ್ಟ್ ಹಾಕಬಾರದೆಂದಲ್ಲ. ಆದರೆ ಅಂಥ ಅಗ್ಗಿಷ್ಟಿಕೆಯಲ್ಲಿ ಬಳಸಲು ಪರೀಕ್ಷೆಯಾಗಿದೆ ಎಂದು ಇನ್ಸರ್ಟಿನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ಮತ್ತು ಆ ತಗಡಿನ ರಚನೆಯಲ್ಲಿ ಕೈಪಿಡಿ ಹೇಳಿದ್ದಕ್ಕಿಂತ ಒಂದು ತುಂಡನ್ನೂ ಹೆಚ್ಚು ಕತ್ತರಿಸಬಾರದು. ಅದರ ಬೆನ್ನಿಗೇ ಮರದ ಚೌಕಟ್ಟಿದೆ ಎಂಬುದು ನೆನಪಿರಲಿ.

ಆಮೇಲೆ ಅಳತೆ. ಬಾಯಿಯ ಅಗಲ, ಎತ್ತರ, ಹಿಂಗೋಡೆಯ ಅಗಲ, ನೆಲದ ಮಟ್ಟದಲ್ಲಿ ಆಳ, ಮೇಲ್ತುದಿಯಲ್ಲಿ ಆಳ. ಈ ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಹಳೆಯ ಅಗ್ಗಿಷ್ಟಿಕೆಗಳ ಹಿಂಗೋಡೆ ಅರ್ಧ ಎತ್ತರದಿಂದ ಮುಂದಕ್ಕೆ ವಾಲಿರುತ್ತದೆ, ಪಕ್ಕದ ಗೋಡೆಗಳು ಒಳಹೋದಂತೆ ಕಿರಿದಾಗುತ್ತವೆ. ನೆಲದಲ್ಲಿ 22 ಇಂಚು ಆಳವಿದ್ದು ಮೇಲೆ 14 ಇಂಚೇ ಇರಬಹುದು. ಇನ್ಸರ್ಟಿನ ಹಾಪರ್ ಇರುವುದು ಮೇಲ್ಭಾಗದಲ್ಲಿ! ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಒಲೆಯ ಅಳತೆಗೆ ಕತ್ತರಿಸಿ ಅಂಟಿಸಿ ಒಳಗೆ ತಳ್ಳಿ ನೋಡಿ. ಅರ್ಧ ಗಂಟೆಯ ಮಕ್ಕಳಾಟದಂತೆ ಕಂಡರೂ, 150 ಕಿಲೋ ತೂಕದ ವಸ್ತುವನ್ನು ಬಾಗಿಲವರೆಗೆ ತಂದು ವಾಪಸು ಕಳಿಸುವ ಪೀಕಲಾಟ ತಪ್ಪುತ್ತದೆ. ಕೊಳವೆ ತಿರುಗಲು ಹಿಂದೆ, ಮೇಲೆ ಎಷ್ಟು ಜಾಗ ಬೇಕೆಂದು ಕೈಪಿಡಿಯಲ್ಲಿರುತ್ತದೆ. ಅದನ್ನೂ ಪೆಟ್ಟಿಗೆಗೆ ಸೇರಿಸಿಕೊಳ್ಳಿ.

ಮುಂದಿನ ನೆಲವನ್ನೂ ಅಳೆಯಿರಿ. ಒಲೆಯ ಬಾಗಿಲು ತೆರೆದಾಗ ಕೆಂಡ ಬೀಳುವ ಜಾಗದಲ್ಲಿ ಕಲ್ಲು, ಹೆಂಚು ಅಥವಾ ಲೋಹವಿರಬೇಕು. ಸಾಮಾನ್ಯವಾಗಿ ಮುಂದೆ ಕನಿಷ್ಠ 6 ಇಂಚು. ಮೇಲಿನ ಮರದ ಹಲಗೆ, ಪಕ್ಕದ ಮರದ ಪಟ್ಟಿಗಳಿಂದ ಎಷ್ಟು ದೂರ ಎಂಬುದಕ್ಕೆ ಎಲ್ಲ ಮಾದರಿಗೂ ಒಂದೇ ಸಂಖ್ಯೆ ಇಲ್ಲ. ನಿಮ್ಮ ಮಾದರಿಯ ಸಂಖ್ಯೆಯೇ ಕಾನೂನು.

ಕಾನೂನಿನ ಮಾತು ಬಂದದ್ದರಿಂದ: ಬಹಳಷ್ಟು ಕಡೆ ಈ ಕೆಲಸಕ್ಕೆ ಪರವಾನಗಿ ಬೇಕು, ಮನೆಯ ವಿಮೆಯವರಿಗೂ ತಿಳಿಸಬೇಕು. ಒಲೆ ಸುರಕ್ಷತಾ ಮಾನದಂಡದಂತೆ ಪರೀಕ್ಷೆಗೆ ಒಳಪಟ್ಟದ್ದಾಗಿರಲಿ. ಅಮೆರಿಕದಲ್ಲಿ ಎಎಸ್‌ಟಿಎಂ ಇ1509, ಯುರೋಪಿನಲ್ಲಿ ಇಎನ್ 14785 ಅಥವಾ ಅದರ ಸ್ಥಾನಕ್ಕೆ ಬಂದ ಇಎನ್ 16510 ಸರಣಿಯ ಉಲ್ಲೇಖ ಅದರ ಫಲಕದಲ್ಲಿ ಕಾಣಬೇಕು.

ಚಿಮಣಿಯ ತಪಾಸಣೆ ಮತ್ತು ಶುಚಿ

ಇದೊಂದನ್ನು ನೀವೇ ಮಾಡಬೇಡಿ. ಚಿಮಣಿ ಶುಚಿ ಮಾಡುವ ತರಬೇತಾದ ಕೆಲಸಗಾರರನ್ನು ಕರೆಯಿರಿ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಚಿಮಣಿ ಸುರಕ್ಷತಾ ಸಂಹಿತೆಯ ಪ್ರಕಾರ, ಚಿಮಣಿಗೆ ಜೋಡಿಸಿದ ಒಲೆಯ ಬಗೆ ಬದಲಾಗುವಾಗ ಎರಡನೇ ಹಂತದ ತಪಾಸಣೆ ಆಗಬೇಕು. ಎಂದರೆ ಕ್ಯಾಮೆರಾ ಇಳಿಸಿ ಒಳಗೋಡೆಯನ್ನು ಉದ್ದಕ್ಕೂ ನೋಡಬೇಕು. ಬೇರೆ ದೇಶದಲ್ಲಿದ್ದರೂ ಅದನ್ನೇ ಕೇಳಿ ಮಾಡಿಸಿಕೊಳ್ಳಿ. ಬಿರುಕು, ಬಿದ್ದ ಇಟ್ಟಿಗೆ, ಹಕ್ಕಿಗೂಡು ಎಲ್ಲ ಆಗಲೇ ಗೊತ್ತಾಗುತ್ತದೆ. ಅದೇ ಹೊಗೆಮಾರ್ಗಕ್ಕೆ ಇನ್ನೊಂದು ಒಲೆಯೋ ನೀರು ಕಾಯಿಸುವ ಬಾಯ್ಲರೋ ಜೋಡಣೆಯಾಗಿಲ್ಲ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಪೆಲೆಟ್ ಒಲೆ ತನ್ನ ಹೊಗೆಮಾರ್ಗವನ್ನು ಯಾರೊಂದಿಗೂ ಹಂಚಿಕೊಳ್ಳಬಾರದು.

ಒಲೆಯ ಹೊಗೆಗೆಂದು ಚಿಮಣಿಯೊಳಗೆ ಹೊಸ ಕೊಳವೆ ಹೇಗೂ ಹಾಕುತ್ತೇವಲ್ಲ, ಹಳೆಯ ಮಸಿ ಏಕೆ ತೆಗೆಯಬೇಕು ಎಂದು ಕೇಳುವವರಿದ್ದಾರೆ. ವರ್ಷಗಟ್ಟಲೆ ಸೌದೆ ಉರಿದ ಗೋಡೆಗೆ ಕ್ರಿಯೋಸೋಟ್ ಎಂಬ ಡಾಂಬರಿನಂಥ ಪದಾರ್ಥ ಅಂಟಿರುತ್ತದೆ. ಅದು ಹೊತ್ತಿಕೊಳ್ಳುವ ವಸ್ತು. ಕೊಳವೆಯ ಹೊರಗೆ ಅದನ್ನು ಹಾಗೇ ಬಿಟ್ಟರೆ ಮುಂದೆ ಅದನ್ನು ಮುಟ್ಟುವುದಕ್ಕೂ ಆಗುವುದಿಲ್ಲ. ಜತೆಗೆ ಹೊಸ ಒಲೆ ಕೂತ ಮೇಲೂ ಮಳೆ ಬಂದ ದಿನ ಮನೆಯೊಳಗೆ ಅದರ ಕಮಟು ವಾಸನೆ.

ಎಷ್ಟು ದಪ್ಪದ ಕೊಳವೆ?

ಉತ್ತರ ಅಮೆರಿಕದ ಒಲೆಗಳ ಹೊಗೆಬಾಯಿ ಹೆಚ್ಚಾಗಿ 3 ಅಥವಾ 4 ಇಂಚು, ಯುರೋಪಿನವುಗಳದ್ದು ಹೆಚ್ಚಾಗಿ 80 ಮಿಲಿಮೀಟರ್. ಆದರೆ ಹೊಗೆಬಾಯಿ 3 ಇಂಚಿದ್ದ ಮಾತ್ರಕ್ಕೆ ಚಿಮಣಿಯುದ್ದಕ್ಕೂ 3 ಇಂಚಿನ ಕೊಳವೆ ಸಾಕು ಎಂದಲ್ಲ. ಪ್ರತಿ ತಿರುವೂ ಫ್ಯಾನಿಗೆ ಭಾರ. ಈ ಭಾರವನ್ನು ಲೆಕ್ಕ ಹಾಕಲು ತಯಾರಕರು ಒಂದು ಸುಲಭ ಪದ್ಧತಿ ಇಟ್ಟುಕೊಂಡಿದ್ದಾರೆ, ಕೊಳವೆಯ ಸಮಾನ ಉದ್ದ ಎನ್ನಬಹುದು. ಸಾಮಾನ್ಯವಾಗಿ 90 ಡಿಗ್ರಿಯ ಒಂದು ತಿರುವು ಅಥವಾ ಒಂದು ಟೀ (ಇಂಗ್ಲಿಷಿನ T ಆಕಾರದ ಕೊಳವೆ ತುಂಡು) 5 ಅಡಿಗೆ ಸಮ, 45 ಡಿಗ್ರಿಯದ್ದು 3 ಅಡಿಗೆ ಸಮ, ಅಡ್ಡಕ್ಕೆ ಹೋಗುವ ಪ್ರತಿ ಅಡಿಗೆ 1 ಅಡಿ, ನೇರ ಮೇಲೆ ಹೋಗುವ ಪ್ರತಿ ಅಡಿಗೆ ಅರ್ಧ ಅಡಿ.

ಉದಾಹರಣೆಗೆ 20 ಅಡಿ ಎತ್ತರದ ಚಿಮಣಿ. ಎತ್ತರಕ್ಕೆ 10. ಒಲೆಯ ಹಿಂದಿನ ಟೀಗೆ 5. ಚಿಮಣಿಯ ಗಂಟಲಲ್ಲಿ, ಅಂದರೆ ಅಗ್ಗಿಷ್ಟಿಕೆಯ ಮೇಲಿನ ಕಿರಿದಾದ ಭಾಗದಲ್ಲಿ, ಕೊಳವೆ ಒಮ್ಮೆ ಓರೆಯಾಗುವುದಕ್ಕೆ 3. ಹಿಂದಕ್ಕೆ ಒಂದಡಿ ಅಡ್ಡ ಹೋಗುವುದಕ್ಕೆ 1. ಒಟ್ಟು 19. ಈ ಮೊತ್ತ 15 ದಾಟಿದರೆ 4 ಇಂಚಿಗೆ ಹೋಗಿ ಎನ್ನುತ್ತವೆ ಬಹುತೇಕ ಕೈಪಿಡಿಗಳು. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿರುವುದರಿಂದ ಅಲ್ಲಿಯೂ 4 ಇಂಚು. ನನ್ನನ್ನು ಕೇಳಿದರೆ, ಕಟ್ಟಿದ ಚಿಮಣಿಯಲ್ಲಿ ಕೈಪಿಡಿ ಅನುಮತಿಸಿದರೆ 4 ಇಂಚೇ ಹಾಕಿ. ಬೂದಿ ಕೂತು ಕಿರಿದಾಗುವುದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ.

ಕೊಳವೆ ಸ್ಟೇನ್‌ಲೆಸ್ ಸ್ಟೀಲಿನ, ಬಾಗುವ ಲೈನರ್, ಅಂದರೆ ಹಳೆಯ ಚಿಮಣಿಯೊಳಗೆ ಇಳಿಸುವ ಒಳಕೊಳವೆ, ಆಗಿರಲಿ, ಪೆಲೆಟ್ ಇಂಧನಕ್ಕೆ ಪ್ರಮಾಣೀಕೃತವಾಗಿರಲಿ. ಬಟ್ಟೆ ಒಣಗಿಸುವ ಯಂತ್ರದ ಅಲ್ಯೂಮಿನಿಯಂ ಕೊಳವೆ, ಗ್ಯಾಸ್ ಉಪಕರಣದ ಕೊಳವೆ ಯಾವುದೂ ಇಲ್ಲಿ ಸಲ್ಲದು, ಎಷ್ಟೇ ಸರಿಯಾಗಿ ಕೂತರೂ.

ಲೈನರನ್ನು ಚಿಮಣಿಯ ತುದಿಯವರೆಗೂ ಒಯ್ಯಬೇಕೇ, ಗಂಟಲು ದಾಟಿಸಿ ಬಿಟ್ಟರೆ ಸಾಲದೇ? ಕೆಲವು ಕಡೆಯ ನಿಯಮ ಅದಕ್ಕೂ ಒಪ್ಪುತ್ತದೆ. ನಾನು ಒಪ್ಪುವುದಿಲ್ಲ. ಪೆಲೆಟ್ ಒಲೆಯ ಹೊಗೆ ಸೌದೆಯ ಹೊಗೆಯಷ್ಟು ಬಿಸಿಯಲ್ಲ. ದೊಡ್ಡ ತಣ್ಣನೆಯ ಚಿಮಣಿಯೊಳಗೆ ಬಿಟ್ಟರೆ ಅದು ಏರುವ ಬದಲು ಅಲ್ಲೇ ತಣಿದು ನೀರಾಗುತ್ತದೆ, ಬೂದಿ ಅಲ್ಲೇ ಕೂರುತ್ತದೆ. ಇನ್ನೊಂದು ಕಾರಣವೂ ಇದೆ. ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಬಟ್ಟಲಿನಲ್ಲಿ ಉಳಿದ ಗುಳಿಗೆಗಳು ಮಾತ್ರ ಕೆಲವು ನಿಮಿಷ ಹೊಗೆಯಾಡುತ್ತವೆ. ಮೇಲಿನವರೆಗೂ ಹೋದ ಬಿಸಿ ಲೈನರ್ ಆಗ ತಾನಾಗಿಯೇ ಆ ಹೊಗೆಯನ್ನು ಎಳೆದುಕೊಳ್ಳುತ್ತದೆ. ಮೊಟಕು ಕೊಳವೆಯಿಂದ ಅಂಥ ಎಳೆತವನ್ನು ನಂಬುವಂತಿಲ್ಲ.

ಲೈನರ್ ಇಳಿಸುವುದು

ಮಳೆ, ಗಾಳಿ, ಮಂಜು ಇಲ್ಲದ ದಿನ ನೋಡಿಕೊಳ್ಳಿ. ಛಾವಣಿಯ ಮೇಲೆ ಒಬ್ಬರು, ಕೆಳಗೆ ಒಬ್ಬರು, ಇಬ್ಬರಿಗೂ ಮೊಬೈಲ್. ಮೇಲಿನವರಿಗೆ ಸುರಕ್ಷತಾ ಹಗ್ಗ, ಇಬ್ಬರಿಗೂ ಗಟ್ಟಿ ಕೈಗವಸು. ಕತ್ತರಿಸಿದ ಲೈನರಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಕೆಳಗಿನವರು ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿ, ಮುಂದಿನ ನೆಲಕ್ಕೆಲ್ಲ ಹಳೆಯ ಬಟ್ಟೆ ಹಾಸಿರಲಿ. ಎಷ್ಟೇ ಶುಚಿ ಮಾಡಿದ ಚಿಮಣಿಯಾದರೂ ಆ ದಿನ ಒಂದಿಷ್ಟು ಮಸಿ ಉದುರಿಯೇ ಉದುರುತ್ತದೆ.

ಮೊದಲು ಚಿಮಣಿಯ ಗಂಟಲಿನಲ್ಲಿರುವ ಹಳೆಯ ಡ್ಯಾಂಪರ್ ಮುಚ್ಚಳವನ್ನು ನೋಡಿ. ಇಟ್ಟಿಗೆಯ ಅಗ್ಗಿಷ್ಟಿಕೆಯಲ್ಲಿ ಆ ಬೀಡುಕಬ್ಬಿಣದ ಫಲಕವನ್ನು ಸಾಮಾನ್ಯವಾಗಿ ಎತ್ತಿ ತೆಗೆಯಬಹುದು. ಬರದಿದ್ದರೆ ಪೂರ್ತಿ ತೆರೆದ ಸ್ಥಿತಿಯಲ್ಲಿ ತಂತಿ ಕಟ್ಟಿ ಭದ್ರಪಡಿಸಿ. ಮುಂದೆಂದೋ ಅದು ಬಿದ್ದು ಲೈನರನ್ನು ಜಜ್ಜಬಾರದು. ತೆಗೆದದ್ದನ್ನು ಎಸೆಯಬೇಡಿ, ನೆಲಮಾಳಿಗೆಯಲ್ಲೋ ಮೂಲೆಯಲ್ಲೋ ಇಡಿ. ಇದನ್ನು ಬದಲಾಯಿಸಲಾಗಿದೆ, ಮೂಲ ಸ್ಥಿತಿಗೆ ತರದೆ ಇಲ್ಲಿ ಸೌದೆ ಉರಿಸಬಾರದು ಎಂಬ ಚಿಕ್ಕ ಲೋಹದ ಫಲಕವನ್ನು ಅಗ್ಗಿಷ್ಟಿಕೆಯ ಒಳಗೋಡೆಗೆ ಹೊಡೆಯಲು ಎಷ್ಟೋ ಕೈಪಿಡಿಗಳು ಹೇಳುತ್ತವೆ. ನಾಳೆ ಮನೆ ಇನ್ನೊಬ್ಬರದಾಗಬಹುದು, ಒಲೆ ತೆಗೆದು ಅವರು ಅಲ್ಲಿ ಬೆಂಕಿ ಹಾಕಬಹುದು.

ಉದ್ದ ಅಳೆಯುವುದಕ್ಕೆ ಮೇಲಿನಿಂದ ತೂಕ ಕಟ್ಟಿದ ದಾರವನ್ನು ಒಲೆಯ ಹೊಗೆಬಾಯಿ ಬರುವ ಮಟ್ಟದವರೆಗೆ ಇಳಿಬಿಟ್ಟು, ಚಿಮಣಿಯ ತುದಿಯಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೆ ಮೇಲೆ ನಾಲ್ಕೈದು ಇಂಚು, ಕೆಳಗೆ ಕನಿಷ್ಠ ಒಂದಡಿ ಸೇರಿಸಿ. ಆ ಒಂದಡಿಯೇ ನಾನು ಮೊದಲ ಬಾರಿ ಉಳಿಸಲು ಹೋಗಿ ಕಳೆದುಕೊಂಡದ್ದು. ಕೊಳವೆಗೆ ಗಂಟಲಿನಲ್ಲಿ ತುಸು ಬಾಗು ಉಳಿದರೆ ಒಲೆಯನ್ನು ಮುಂದಕ್ಕೆ ಎಳೆದಾಗ ಅದೂ ಜತೆಗೆ ಬಂದು, ಕೈ ಹಾಕಿ ಬಿಡಿಸಲು ಜಾಗ ಸಿಗುತ್ತದೆ. ಹಾಗೆಂದು ಜೋತುಬೀಳುವಷ್ಟು ಬಿಟ್ಟರೆ ಆ ತಗ್ಗಿನಲ್ಲಿ ಬೂದಿ ಕೂರುತ್ತದೆ. ಸಡಿಲ ಇರಲಿ, ಹೊಟ್ಟೆ ಇರಬಾರದು.

ಲೈನರಿನ ಮೇಲೆ ಬಾಣದ ಗುರುತಿದ್ದರೆ ಅದು ಹೊಗೆ ಹೋಗುವ ದಿಕ್ಕು, ಮೇಲ್ಮುಖವಾಗಿರಲಿ. ಕೆಳತುದಿಗೆ ಶಂಕುವಿನಾಕಾರದ ಎಳೆತುದಿ ಸಿಕ್ಕಿಸಿ ಹಗ್ಗ ಕಟ್ಟಿ. ಹಗ್ಗವನ್ನು ಮೊದಲು ಇಳಿಬಿಡಿ. ಕೆಳಗಿನವರು ನಿಧಾನವಾಗಿ ಎಳೆಯಲಿ, ಮೇಲಿನವರು ಒಂದೊಂದು ಅಡಿಯಾಗಿ ಬಿಡುತ್ತಾ ಬರಲಿ. ಗಂಟಲಲ್ಲಿ ಸಿಕ್ಕಿಕೊಂಡಾಗ ಜೋರಾಗಿ ಜಗ್ಗುವ ಆಸೆ ಆಗುತ್ತದೆ, ಜಗ್ಗಬೇಡಿ. ಮೇಲಿನವರು ಒಂದಡಿ ಹಿಂದಕ್ಕೆಳೆದು ಕಾಲು ಸುತ್ತು ತಿರುಗಿಸಿ ಮತ್ತೆ ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಜಾರಿ ಇಳಿಯುತ್ತದೆ. ಚಿಮಣಿ ಮನೆಯ ಹೊರಗೋಡೆಯಲ್ಲಿದ್ದು ಚಳಿಗೆ ಒಡ್ಡಿಕೊಂಡಿದ್ದರೆ ಲೈನರಿಗೆ ಅದಕ್ಕೆಂದೇ ಸಿಗುವ ಉಷ್ಣರೋಧಕ ಹೊದಿಕೆ ಸುತ್ತಿ ಇಳಿಸುವುದು ಒಳ್ಳೆಯದು.

ಮೇಲ್ತುದಿಯಲ್ಲಿ ಚಿಮಣಿಯ ಅಂಚಿಗೆ ಸಿಲಿಕೋನ್ ಎಳೆದು ಮುಚ್ಚು ಫಲಕ ಕೂರಿಸಿ, ಲೈನರನ್ನು ಅದರ ಕೊರಳಪಟ್ಟಿಯಲ್ಲಿ ಬಿಗಿಯಿರಿ. ಲೈನರಿನ ಪೂರ್ತಿ ಭಾರ ಹೊರುವುದು ಈ ಪಟ್ಟಿ. ಮೇಲೆ ಮಳೆ ಟೋಪಿ. ಬಹಳ ಸಣ್ಣ ಕಣ್ಣಿನ ಜಾಲರಿ ಇರುವ ಟೋಪಿ ಬೇಡ, ಹಾರುಬೂದಿ ಅಂಟಿ ತಿಂಗಳುಗಳಲ್ಲೇ ಮುಚ್ಚಿಹೋಗುತ್ತದೆ.

ಗಂಟಲು ಮುಚ್ಚುವ ತಗಡು

ಇದು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಆದ್ದರಿಂದಲೇ ಇದನ್ನು ಬಿಡುವವರು ಹೆಚ್ಚು. ಲೈನರಿನ ಸುತ್ತ ಗಂಟಲು ತೆರೆದೇ ಇದ್ದರೆ ಒಲೆಯ ಹಿಂಬದಿಯ ಬಿಸಿಯೆಲ್ಲ ಚಿಮಣಿಗೆ ಏರುತ್ತದೆ, ಚಿಮಣಿಯ ತಂಪು ಕೆಳಗಿಳಿಯುತ್ತದೆ.

ಡ್ಯಾಂಪರ್ ಇದ್ದ ಜಾಗದ ಆಕಾರವನ್ನು ರಟ್ಟಿನಲ್ಲಿ ತೆಗೆದು, ಅದೇ ಅಳತೆಗೆ 24 ಗೇಜ್ ತಗಡನ್ನು ಕತ್ತರಿಸಿ, ಅಂಚನ್ನು ಒಂದಿಂಚು ಮಡಚಿ. ಲೈನರಿಗೆ ದುಂಡನೆಯ ತೂತು ತೆಗೆದು, ಆ ತೂತಿನ ಮಧ್ಯಕ್ಕೆ ತಗಡನ್ನು ಎರಡು ಹೋಳಾಗಿ ಸೀಳಿದರೆ ಕೊಳವೆ ಇರುವಾಗಲೇ ಎರಡೂ ಕಡೆಯಿಂದ ಸೇರಿಸಬಹುದು. ತಗಡಿನ ಮೇಲ್ಭಾಗಕ್ಕೆ ಕಲ್ಲಿನ ನಾರಿನ ಹೊದಿಕೆಯಾದ ರಾಕ್‌ವೂಲ್ ತುಂಬಿ. ಗಾಜಿನ ನಾರಿನ ಸಾಮಾನ್ಯ ಹೊದಿಕೆ ಬೇಡ. ಅದರ ಅಂಟು ಈ ಶಾಖ ತಡೆಯುವುದಿಲ್ಲ. ತಗಡನ್ನು ಕಲ್ಲಿಗೆ ಸ್ಕ್ರೂ ಹಾಕಿ, ಅಂಚಿಗೆ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಎಳೆಯಿರಿ. ಮೈ ಮುರಿದು ಕತ್ತು ಹೊರಳಿಸಿ ಮಾಡುವ ಕೆಲಸ, ಎರಡು ಗಂಟೆ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಸಾಮಗ್ರಿಗೆ ಇಷ್ಟು ಲಾಭ ಕೊಡುವ ಹಂತ ಇನ್ನೊಂದಿಲ್ಲ.

ಹೊರಗಿನ ಗಾಳಿ

ಒಲೆ ಉರಿಯಲು ಬೇಕಾದ ಗಾಳಿಯನ್ನು ಕೋಣೆಯಿಂದ ತೆಗೆದುಕೊಳ್ಳಬಹುದು, ಹೊರಗಿನಿಂದ ಪ್ರತ್ಯೇಕ ಕೊಳವೆಯಲ್ಲಿಯೂ ತರಬಹುದು. ಮನೆ ಗಾಳಿಯಾಡದಷ್ಟು ಬಿಗಿಯಾಗಿದ್ದರೆ, ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹತ್ತಿರವೇ ಇದ್ದರೆ ಎರಡನೆಯದೇ ಸರಿ. ಆ ಫ್ಯಾನ್ ಒಲೆಯ ಗಾಳಿಗೆ ಪೈಪೋಟಿ ಕೊಡುತ್ತದೆ. ಕೊಳವೆ ಸುಮಾರು 2 ಇಂಚಿನ ಲೋಹದ್ದಾಗಿರಬೇಕು, ಪ್ಲಾಸ್ಟಿಕ್ ಖಂಡಿತ ಕೂಡದು. ಹಳೆಯ ಅಗ್ಗಿಷ್ಟಿಕೆಯ ತಳದಲ್ಲಿ ಬೂದಿ ಸುರಿಯುವ ಕಿಂಡಿ ಇದ್ದರೆ ಅದರೊಳಗಿಂದ ತರುವುದು ಅತಿ ಸುಲಭ. ಅದಿಲ್ಲದಿದ್ದರೆ ಹಿಂಗೋಡೆ ಕೊರೆಯಬೇಕು, ಇಲ್ಲವೇ ಲೈನರಿನ ಪಕ್ಕದಲ್ಲೇ ಮೇಲಿನವರೆಗೆ ಒಯ್ಯಬೇಕು. ಮೇಲೆ ಒಯ್ದರೆ ಅದರ ಬಾಯಿ ಹೊಗೆಯ ಬಾಯಿಗಿಂತ ಕೆಳಗಿರಲಿ, ಇಲ್ಲವಾದರೆ ಒಲೆ ತನ್ನ ಹೊಗೆಯನ್ನೇ ತಾನು ಉಸಿರಾಡುತ್ತದೆ.

ಒಲೆಯನ್ನು ಒಳಗೆ ತರುವುದು, ಜೋಡಿಸುವುದು

ಬಿಚ್ಚಬಹುದಾದ ಬಾಗಿಲು, ಒಳಗಿನ ಇಟ್ಟಿಗೆ ಫಲಕಗಳು, ಬೂದಿ ತಟ್ಟೆ ಎಲ್ಲ ಮೊದಲು ತೆಗೆದಿಟ್ಟರೆ ತೂಕ ಗಣನೀಯವಾಗಿ ಇಳಿಯುತ್ತದೆ. ಅಗ್ಗಿಷ್ಟಿಕೆಯ ಮುಂದೆ ಎತ್ತರ ಸರಿದೂಗುವಂತೆ ಹಲಗೆಗಳನ್ನು ಜೋಡಿಸಿ ಒಂದು ಕಟ್ಟೆ ಮಾಡಿಕೊಳ್ಳಿ. ಒಲೆಯನ್ನು ಕೈಗಾಡಿಯಿಂದ ಅದರ ಮೇಲಿಟ್ಟು, ನಯವಾದ ತಗಡಿನ ಮೇಲೆ ಜಾರಿಸಿ ಒಳಕ್ಕೆ ಬಿಡಿ. ಮೂರು ಜನ ಇದ್ದರೆ ಒಳ್ಳೆಯದು. ಕೆಲವು ಮಾದರಿಗಳಲ್ಲಿ ಒಲೆಯ ಬುಡ ಅಗ್ಗಿಷ್ಟಿಕೆಯ ನೆಲಕ್ಕೆ ಭದ್ರವಾಗಿ, ಮೇಲಿನ ಯಂತ್ರ ಡ್ರಾಯರಿನಂತೆ ಹಳಿಯ ಮೇಲೆ ಜಾರುತ್ತದೆ, ಕೊಳವೆ ಬುಡಕ್ಕೇ ಅಂಟಿರುತ್ತದೆ. ಆಯ್ಕೆ ನಿಮ್ಮ ಕೈಲಿದ್ದರೆ ಅಂಥದ್ದನ್ನೇ ಆರಿಸಿ.

ಪೂರ್ತಿ ತಳ್ಳುವ ಮೊದಲು ಮೂರು ಕೆಲಸ. ವಿದ್ಯುತ್ ತಂತಿಯನ್ನು ಪಕ್ಕದಿಂದ ಹೊರಗೆ ತನ್ನಿ. ಒಲೆಯ ಅಡಿಗೆ ಸಿಕ್ಕಬಾರದು, ಹೊಗೆಬಾಯಿಗೆ ತಾಗಬಾರದು. ಹೊರಗಾಳಿಯ ಕೊಳವೆ ಸೇರಿಸಿ. ಕಾಲಿನ ತಿರುಪುಗಳಿಂದ ಮಟ್ಟ ಮಾಡಿ, ರಸಮಟ್ಟ ಇಟ್ಟು ನೋಡಿ. ಒಲೆ ಓರೆಯಾಗಿದ್ದರೆ ಆಗರಿಗೂ ತೊಂದರೆ, ಬಟ್ಟಲಿನಲ್ಲಿ ಗುಳಿಗೆಗಳು ಒಂದು ಬದಿಗೇ ಗುಡ್ಡೆಯಾಗುತ್ತವೆ.

ಇನ್ನು ಕೀಲುಗಳು. ಎರಡು ಪದರದ ಗಡಸು ಕೊಳವೆಯ ತುಂಡುಗಳನ್ನು ಬಳಸುವ ಕಡೆ, ಅವುಗಳಿಗೆ ಕಾರ್ಖಾನೆಯಲ್ಲೇ ಕೂರಿಸಿದ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಇದ್ದರೆ ಸಿಲಿಕೋನ್ ಬೇಡ. ಇಲ್ಲದಿದ್ದರೆ ಗಂಡು ತುದಿಯ ಅಂಚಿನಿಂದ ಅರ್ಧ ಇಂಚು ಹಿಂದೆ, ಸುತ್ತಲೂ ಎಲ್ಲಿಯೂ ಕಡಿಯದ ಒಂದು ಎಳೆ ಸಿಲಿಕೋನ್ ಹಾಕಿ, ತಿರುಗಿಸುತ್ತಾ ಒತ್ತಿ. ಹೊರಗೆ ಉಬ್ಬಿ ಬಂದದ್ದನ್ನು ಬೆರಳಿನಿಂದ ಸವರಿದರೆ ಕೀಲಿನ ಸುತ್ತ ಒಂದು ತೆಳು ಪಟ್ಟಿ ಕಾಣಬೇಕು. ಪಟ್ಟಿ ಒಂದು ಕಡೆ ಕಾಣದಿದ್ದರೆ ಅಲ್ಲಿ ಸಂದಿಯಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಮಾಡಿ. ಎರಡು ಪದರದ ಕೊಳವೆಗೆ ಸ್ಕ್ರೂ ಹಾಕುವುದಾದರೆ ಅದು ಒಳಪದರವನ್ನು ಚುಚ್ಚಬಾರದು. ಲೈನರ್ ಮತ್ತು ಅದನ್ನು ಒಲೆಯ ಹೊಗೆಬಾಯಿಗೆ ಹೊಂದಿಸುವ ಅಡಾಪ್ಟರ್ ಸೇರುವಲ್ಲಿ ಮಾತ್ರ ಸ್ಟೇನ್‌ಲೆಸ್‌ನ ಮೂರು ಗಿಡ್ಡ ಸ್ಕ್ರೂ ಹಾಕಿ, ಅವುಗಳ ತಲೆಗೂ ಸಿಲಿಕೋನ್ ಒತ್ತಿ.

ಒಲೆಯ ಹೊಗೆಬಾಯಿಗೆ ಅಡಾಪ್ಟರ್ ಸೇರುವ ಕೀಲು ಬೇರೆ ಜಾತಿ. ಪ್ರತಿ ವರ್ಷ ಬಿಚ್ಚುವುದು ಇದನ್ನೇ. ಇಲ್ಲಿ ಸಿಲಿಕೋನಿನ ತೆಳು ಎಳೆ, ಮೇಲೊಂದು ತಿರುಪಿನ ಕ್ಲ್ಯಾಂಪ್. ಸಿಲಿಕೋನನ್ನು ಚಾಕುವಿನಿಂದ ಕೊಯ್ದು ಬಿಡಿಸಿ ಮತ್ತೆ ಹಚ್ಚಬಹುದು, ಸಿಮೆಂಟನ್ನು ಆಗದು. ಕ್ಲ್ಯಾಂಪಿನ ತಿರುಪು ನಿಮ್ಮ ಕೈ ತಲಪುವ ಕಡೆಗೆ ಮುಖ ಮಾಡಿರಲಿ. ಹಿಂದೆ ಜಾಗವಿದ್ದರೆ ಮೊಣಕೈ ತಿರುವಿನ ಬದಲು ಬೂದಿ ತೆಗೆಯುವ ಮುಚ್ಚಳವಿರುವ ಟೀ ಹಾಕಿ. ಸಿಲಿಕೋನ್ ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಸಮಯ, ಸಾಮಾನ್ಯವಾಗಿ ಒಂದು ದಿನ, ಕೊಡಿ.

ಕರೆಂಟು

ಭೂಸಂಪರ್ಕವಿರುವ ಸಾಕೆಟ್, ಅಲ್ಲಿಂದ ವೋಲ್ಟೇಜ್ ಏರಿಳಿತ ತಡೆಯುವ ಸಾಧನ, ಅಲ್ಲಿಂದ ಒಲೆ. ಹೊತ್ತಿಸುವ ಕಡ್ಡಿ ಕಾಯುವಾಗ ಒಲೆ 300ರಿಂದ 500 ವ್ಯಾಟ್‌ವರೆಗೆ ಎಳೆಯುತ್ತದೆ, ಉರಿಯತೊಡಗಿದ ಮೇಲೆ ಅದರ ಕಾಲುಭಾಗದಷ್ಟೇ. ಬ್ಯಾಟರಿ ಬೆಂಬಲ ಇಡುವುದಾದರೆ ಶುದ್ಧ ಸೈನ್ ತರಂಗ ಕೊಡುವಂಥದ್ದನ್ನೇ ಕೊಳ್ಳಿ. ಒರಟು ತರಂಗಕ್ಕೆ ಒಲೆಯ ಮೋಟಾರು ಗೊರಗುಟ್ಟುತ್ತದೆ, ನಿಯಂತ್ರಣ ಫಲಕ ತಪ್ಪು ಸಂಕೇತ ತೋರಿಸುತ್ತದೆ. ಇಂಗಾಲದ ಮಾನಾಕ್ಸೈಡ್ ಪತ್ತೆ ಮಾಡುವ ಅಲಾರಂ ಮಲಗುವ ಕೋಣೆಗಳ ಹತ್ತಿರ, ಪ್ರತಿ ಮಹಡಿಯಲ್ಲಿ ಒಂದೊಂದು ಇರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಮೊದಲ ಬೆಂಕಿ

ಮುಂಭಾಗದ ಅಲಂಕಾರ ಚೌಕಟ್ಟನ್ನು ಇನ್ನೂ ಹಾಕಬೇಡಿ. ಅದಿಲ್ಲದಿದ್ದರೆ ಹಿಂದಿನ ಕೀಲುಗಳು ಕಾಣುತ್ತವೆ.

ಮೊದಲು ಬಾಗಿಲಿನ ಗ್ಯಾಸ್ಕೆಟ್ ಪರೀಕ್ಷೆ. ಕಾಗದದ ಪಟ್ಟಿಯೊಂದನ್ನು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದಿದ್ದರೆ ಸರಿ, ಸಲೀಸಾಗಿ ಬಂದರೆ ಕೊಂಡಿ ಬಿಗಿಮಾಡಬೇಕು. ನಾಲ್ಕೂ ಬದಿಗೆ ಹೀಗೆ ಮಾಡಿ. ನಂತರ ಹಾಪರಿಗೆ ಅರ್ಧ ಚೀಲ ಗುಳಿಗೆ ಹಾಕಿ. ಗುಳಿಗೆ ಒಣಗಿರಬೇಕು, ತೇವಾಂಶ ಶೇಕಡಾ 10ರೊಳಗಿರಬೇಕು. ಯುರೋಪಿನ ಇಎನ್‌ಪ್ಲಸ್ ಎ1 ದರ್ಜೆಯಲ್ಲಿ ಬೂದಿ ಶೇಕಡಾ 0.7 ಮೀರುವಂತಿಲ್ಲ. ಒಂದು ಗುಳಿಗೆಯನ್ನು ನೀರಿನ ಲೋಟಕ್ಕೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಉಬ್ಬಿ ಮರದ ಪುಡಿಯಾಗುತ್ತದೆ. ನೆಂದ ಚೀಲ ಆಗರ್ ಕೊಳವೆಯಲ್ಲಿ ಏನು ಮಾಡಬಹುದೆಂದು ಅದನ್ನು ನೋಡಿಯೇ ತಿಳಿಯಿರಿ.

ಹೊಸ ಒಲೆಯ ಆಗರ್ ಖಾಲಿಯಿರುತ್ತದೆ, ಆದ್ದರಿಂದ ಮೊದಲ ಗುಳಿಗೆ ಬಟ್ಟಲಿಗೆ ಬೀಳಲು ಕೆಲವು ನಿಮಿಷ ಬೇಕು. ಮೊದಲ ಯತ್ನದಲ್ಲಿ ಹೊತ್ತದೆ ಒಲೆ ತಾನೇ ನಿಂತುಬಿಡಬಹುದು. ಗಾಬರಿ ಬೇಡ. ಬಟ್ಟಲಲ್ಲಿ ಬಿದ್ದದ್ದನ್ನು ತೆಗೆದು ಮತ್ತೆ ಶುರು ಮಾಡಿ. ಆ ಗುಡ್ಡೆಯ ಮೇಲೇ ಮತ್ತೆ ಹೊತ್ತಿಸಬಾರದು. ಹೊಗೆ ತುಂಬಿ ಒಮ್ಮೆಲೇ ಭುಗಿಲೇಳುತ್ತದೆ.

ಹೊತ್ತಿಕೊಳ್ಳುವ ಕ್ಷಣವೇ ಸೋರಿಕೆ ಪತ್ತೆಗೆ ಅಮೃತಘಳಿಗೆ. ಜ್ವಾಲೆ ಏಳುವ ಮುಂಚಿನ ಎರಡು ಮೂರು ನಿಮಿಷ ಒಳಗೆ ದಟ್ಟ ಬಿಳಿ ಹೊಗೆ ತುಂಬಿರುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಕೀಲನ್ನೂ ನೋಡಿ. ಬೆಳಕಿನ ಕೋಲಿನಲ್ಲಿ ಹೊಗೆಯ ಎಳೆಯೊಂದು ಸುಳಿದರೂ ಒಲೆ ನಿಲ್ಲಿಸಿ, ಆರಿದ ಮೇಲೆ ಆ ಕೀಲನ್ನು ಮತ್ತೆ ಮಾಡಿ. ಹೊಸ ಬಣ್ಣ ಕಾಯುವ ವಾಸನೆ ಬೇರೆ, ಅದು ಒಲೆಯ ಮೈಯಿಂದ ಬರುತ್ತದೆ, ಮೊದಲೆರಡು ಬೆಂಕಿಯ ನಂತರ ನಿಲ್ಲುತ್ತದೆ. ಕಿಟಕಿ ತೆರೆದಿಡಿ.

ಜ್ವಾಲೆ ಹತ್ತಿದ ಮೇಲೆ ಅದರ ಮುಖ ನೋಡಿ. ಹೊಳೆಯುವ ಹಳದಿ, ಚುರುಕಾಗಿ ಕುಣಿಯುವ, ತುದಿಯಲ್ಲಿ ಹೊಗೆಯಿಲ್ಲದ ಜ್ವಾಲೆ ಸರಿಯಾದದ್ದು. ಎತ್ತರವಾಗಿ, ಕಿತ್ತಳೆ ಬಣ್ಣದಲ್ಲಿ ಮಂದವಾಗಿ ತೂಗುತ್ತ, ತುದಿ ಕಪ್ಪಗಿದ್ದು ಗಾಜಿಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಕಡಿಮೆ. ಗಿಡ್ಡವಾಗಿ ಬೆಳ್ಳಗೆ ಬುಸುಗುಟ್ಟುತ್ತ, ಕೆಂಡಗಳು ಬಟ್ಟಲಿಂದ ಹಾರುತ್ತಿದ್ದರೆ ಗಾಳಿ ಹೆಚ್ಚು. ಗಾಳಿಯ ಕವಾಟವನ್ನು ಒಂದು ಕೂದಲೆಳೆ ಸರಿಸಿ, ಹತ್ತು ಹದಿನೈದು ನಿಮಿಷ ಕಾದು ಮತ್ತೆ ನೋಡಿ. ಅದರ ನಡುವೆ ಇನ್ನೊಮ್ಮೆ ಸರಿಸಿದರೆ ಯಾವುದರ ಫಲ ಯಾವುದೆಂದೇ ತಿಳಿಯುವುದಿಲ್ಲ.

ಸುರಕ್ಷತಾ ಸ್ವಿಚ್ಚುಗಳ ಪರೀಕ್ಷೆಯನ್ನು ಕೈಪಿಡಿಯ ಕ್ರಮದಲ್ಲೇ ಮಾಡಿ. ಬಹುತೇಕ ಮಾದರಿಗಳಲ್ಲಿ ಬಾಗಿಲು ಅಥವಾ ಹಾಪರಿನ ಮುಚ್ಚಳ ತೆರೆದರೆ ಒಳಗಿನ ಗಾಳಿಯ ಎಳೆತ ತಪ್ಪಿ ಆಗರ್ ನಿಲ್ಲಬೇಕು. ಟಿಕ್ ಟಿಕ್ ಎಂದು ಗುಳಿಗೆ ಬೀಳುವ ಸದ್ದು ನಿಂತಿತೇ ಎಂದು ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ. ಎಲ್ಲ ಸರಿಯೆನಿಸಿದ ಮೇಲೆಯೇ ಅಲಂಕಾರ ಚೌಕಟ್ಟು. ಪರವಾನಗಿಯ ತಪಾಸಣೆ ಬಾಕಿಯಿದ್ದರೆ ಅಧಿಕಾರಿ ಬಂದು ನೋಡುವವರೆಗೂ ಅದು ಗೋಡೆಗೆ ಒರಗಿಯೇ ಇರಲಿ.

ಮೊದಲ ಚಳಿಗಾಲ

ಬೆಂಕಿ ಬಟ್ಟಲನ್ನು ದಿನಕ್ಕೊಮ್ಮೆ, ಒಲೆ ತಣ್ಣಗಿರುವಾಗ, ಕೆರೆದು ತೂತುಗಳನ್ನು ಬಿಡಿಸಿ. ಕರಗಿ ಗಟ್ಟಿಯಾದ ಬೂದಿಯ ಗಂಟುಗಳು ಹೆಚ್ಚಾಗಿದ್ದರೆ ತಪ್ಪು ಒಲೆಯದಲ್ಲ, ಗುಳಿಗೆಯದು. ಬೇರೆ ತಯಾರಿಕೆಯ ಒಂದು ಚೀಲ ತಂದು ನೋಡಿ. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕಿ, ಮರದಿಂದ ದೂರ, ಮನೆಯ ಹೊರಗಿಡಿ. ತಣ್ಣಗೆ ಕಾಣುವ ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಡಿ, ಬೂದಿಗೆಂದೇ ಮಾಡಿದ್ದು ಬೇರೆ ಸಿಗುತ್ತದೆ.

ಸುಮಾರು ಒಂದು ಟನ್ ಗುಳಿಗೆ ಉರಿದ ಮೇಲೆ, ಅಥವಾ ಚಳಿಗಾಲ ಮುಗಿದೊಡನೆ, ಚೌಕಟ್ಟು ಬಿಚ್ಚಿ, ಪ್ಲಗ್ ಕಿತ್ತು, ಕ್ಲ್ಯಾಂಪ್ ಸಡಿಲಿಸಿ, ಸಿಲಿಕೋನಿನ ಎಳೆಯನ್ನು ಚಾಕುವಿನಿಂದ ಕೊಯ್ದು ಒಲೆಯನ್ನು ಮುಂದಕ್ಕೆ ಎಳೆಯಿರಿ. ಲೈನರಿನಲ್ಲಿ ಅಳತೆಗೆ ತಕ್ಕ ಕುಂಚ ಹಾಯಿಸಿ, ಹೊಗೆ ಫ್ಯಾನಿನ ರೆಕ್ಕೆಗಳ ಬೂದಿ ಉಜ್ಜಿ, ಟೀಯ ಮುಚ್ಚಳ ತೆಗೆದು ಖಾಲಿ ಮಾಡಿ. ಚಳಿ ಮುಗಿಯಿತೆಂದು ಇದನ್ನು ಮುಂದಿನ ಹಂಗಾಮಿಗೆ ತಳ್ಳಿದರೆ ಆ ಬೂದಿ ಮಳೆಗಾಲದ ತೇವ ಹೀರಿ ಲೋಹವನ್ನು ತಿನ್ನತೊಡಗುತ್ತದೆ. ನನ್ನ ಎರಡನೇ ಒಲೆ ಈಗ ಒಂದೇ ಎಳೆತಕ್ಕೆ ಹೊರಗೆ ಬರುತ್ತದೆ, ಕೊಳವೆ ಅದರ ಹಿಂದೆಯೇ ಒಂದಡಿ ಬಂದು ನಿಲ್ಲುತ್ತದೆ. ಸ್ಕ್ರೂಡ್ರೈವರ್ ಹಿಡಿದ ಕೈ ಪಕ್ಕದಲ್ಲಿ ಆರಾಮವಾಗಿ ತೂರುತ್ತದೆ.